ಬೋಣಿ ಬಿಲ್

ಕೇಬಲ್ಲಿಗೆ ಹನ್ನೊಂದು ಸಾವಿರ, ಕೇಬಲ್ಲುಗಳು ಬಂದು ಸೇರುವ ಸ್ವಿಚ್ ಪೆಟ್ಟಿಗೆಗೆ ಆರು ಸಾವಿರ, ಯುಪಿಎಸ್ ಬ್ಯಾಟರಿಗೆ ಹದಿನಾಲ್ಕು ಸಾವಿರ, ಕಡೆಗೆ ಹೊಸ ಸರ್ವರ್‌ಗೆ ಒಂದು ಲಕ್ಷದ ಅರವತ್ತೆಂಟು ಸಾವಿರ. ಇಷ್ಟೂ ದುಡ್ಡು ಯಲಹಂಕದ ಮುನಿಕೃಷ್ಣಪ್ಪನವರ ಗ್ರಂಧಿಗೆ ಅಂಗಡಿಯ ಗಲ್ಲಾದಿಂದ ಹೋಗಿತ್ತು. ಇಷ್ಟೂ ಹೋದದ್ದು ಫರೀದಾ ಹೇಳಿದ ಮಾತಿನ ಮೇಲೆ.

ಹೊಸ ಸರ್ವರ್ ಬಂದ ಮೇಲೆ ಇನ್ನು ನಿಲ್ಲುವುದಿಲ್ಲ ಎಂದು ಅವಳು ಹೇಳಿದ್ದಳು. ಭೀಮನ ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ, ದೀಪದ ಬತ್ತಿ, ಎಣ್ಣೆ, ದಾರ ಎಂದು ಹೆಂಗಸರು ಬಾಗಿಲ ತನಕ ಸಾಲು ನಿಂತಿದ್ದಾಗ, ಕೌಂಟರಿನ ಕಂಪ್ಯೂಟರ್‌ಗಳೆಲ್ಲ ಒಂದೇ ಮಾತು ತೋರಿಸಿದವು: ಸರ್ವರ್ ಜೊತೆ ಸಂಪರ್ಕ ಸಿಗುತ್ತಿಲ್ಲ. ಯುಗಾದಿಯ ಹಿಂದಿನ ದಿನವೂ ಇದೇ ಆಗಿತ್ತು. ನಡುವೆ ಒಂದೆರಡು ಶುಕ್ರವಾರಗಳಲ್ಲೂ ಆಗಿತ್ತು.

ಗ್ರಂಧಿಗೆ ಅಂಗಡಿ ಎಂದರೆ ಕರ್ಪೂರದಿಂದ ಹಿಡಿದು ಕಾಚಿನ ತನಕ, ದರ್ಭೆಯಿಂದ ಹಿಡಿದು ಬಾಣಂತಿಯ ಖಾರದ ಸಾಮಾನಿನ ತನಕ ಸಿಗುವ ಜಾಗ. ಹಬ್ಬದ ಹಿಂದಿನ ದಿನವೇ ಅದರ ಬೆಳೆ. ಆ ದಿನ ಬಿಲ್ಲು ನಿಂತರೆ ಗಿರಾಕಿ ಕಾಯುವುದಿಲ್ಲ, ಚೀಲ ಅಲ್ಲೇ ಇಟ್ಟು ಪಕ್ಕದ ಬೀದಿಗೆ ಹೋಗುತ್ತಾಳೆ. ಮುನಿಕೃಷ್ಣಪ್ಪನವರದು ಯಲಹಂಕದ ಹಳೇ ಊರಿನಲ್ಲಿ ಮೊದಲಿನಿಂದ ಇರುವ ಅಂಗಡಿ. ಈಚೆಗೆ ಸಂಕ್ರಾಂತಿಗೆ ಮಗ ಸುನೀಲ ಯಶವಂತಪುರದಲ್ಲಿ ಇನ್ನೊಂದು ತೆರೆದಿದ್ದ. ಎರಡೂ ಅಂಗಡಿಯ ಲೆಕ್ಕ, ದಾಸ್ತಾನು ಎಲ್ಲ ಯಲಹಂಕದ ಅಟ್ಟದ ಮೇಲಿನ ಒಂದೇ ಸರ್ವರ್‌ನಲ್ಲಿ. ಅದರ ಪ್ರೋಗ್ರಾಮು ಬರೆದವಳು ಫರೀದಾ.

ಫರೀದಾಳ ಮನೆ ಗಂಗಾನಗರದಲ್ಲಿ. ಗಂಡ ಮುಬೀನ್ ಆರ್.ಟಿ. ನಗರದ ಮುಖ್ಯ ರಸ್ತೆಯಲ್ಲಿ ಕಂಪ್ಯೂಟರ್ ಸಾಮಾನಿನ ಅಂಗಡಿ ಇಟ್ಟಿದ್ದಾನೆ. ಅವಳು ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಬಿಲ್ಲು ಟೈಪು ಮಾಡುತ್ತಾ ಮಾಡುತ್ತಾ, ಈ ಪ್ರೋಗ್ರಾಮು ಇನ್ನೂ ಚೆನ್ನಾಗಿರಬಹುದಿತ್ತಲ್ಲ ಎಂದು ಬೈಯುತ್ತಾ, ಕಡೆಗೆ ತಾನೇ ಒಂದು ಬರೆಯಲು ಕಲಿತವಳು. ಅದನ್ನು ಮೊದಲು ನಂಬಿ ಕೊಂಡವರು ಮುನಿಕೃಷ್ಣಪ್ಪ. ಅವರನ್ನು ನೋಡಿ ಜಕ್ಕೂರಿನವರು, ಹೆಬ್ಬಾಳದವರು, ಕೊಡಿಗೇಹಳ್ಳಿಯವರು ಹಾಕಿಸಿಕೊಂಡರು. ಹೊಸಬರು ಯಾರು ಕೇಳಿದರೂ ಅವಳು ಹೇಳುತ್ತಿದ್ದದ್ದು ಒಂದೇ: ಯಲಹಂಕಕ್ಕೆ ಹೋಗಿ ಯಜಮಾನರನ್ನು ಕೇಳಿ. ಆ ಅಂಗಡಿ ಕೈಬಿಟ್ಟರೆ ಉಳಿದವರೂ ಒಬ್ಬೊಬ್ಬರಾಗಿ ಜಾರುತ್ತಾರೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅಮಾವಾಸ್ಯೆ ಕಳೆದ ಮೇಲೆ ಸುನೀಲ ಅವಳನ್ನು ಕರೆಸಿದ. ಕೂಗಾಡುವ ಹುಡುಗನಲ್ಲ. ಕಾಫಿ ತರಿಸಿ, ಅವಳು ಕುಡಿದು ಮುಗಿಸುವ ತನಕ ಕಾದ.

"ಮೇಡಂ, ನಿಮ್ ಮೇಲೆ ಕೋಪ ಇಲ್ಲ. ಆದ್ರೆ ವರಮಹಾಲಕ್ಷ್ಮಿ ಬಂತು. ಹಿಂದಿನ್ ದಿನ ಗುರುವಾರ ನಿಂತ್ರೆ ನಾನ್ ಬೇರೆ ಕಂಪನಿಯವ್ರಿಗೆ ಹೂಂ ಅಂತೀನಿ. ಎರಡೂ ಅಂಗಡೀಗೆ. ಅವ್ರು ಬಂದು ತೋರ್ಸಿ ಹೋಗಿದಾರೆ."

ಅವನ ತಂದೆ ಗಲ್ಲಾದ ಹಿಂದೆ ಕೂತು ಅಡಿಕೆ ಆರಿಸುತ್ತಿದ್ದರು. ತಲೆಯೆತ್ತದೆ ಒಂದು ಮಾತು ಸೇರಿಸಿದರು. "ಆಷಾಢದಲ್ಲಿ ಹೊಸ ಸಾಮಾನ್ ತರಬ್ಯಾಡ್ರಪ್ಪ ಅಂದೆ. ಮುದುಕನ್ ಮಾತು ಯಾರ್ ಕೇಳ್ತಾರೆ?"

ಫರೀದಾಗೆ ಆ ಮಾತಿಗೆ ನಗಲೂ ಆಗಲಿಲ್ಲ.

ಹಾಗೆಂದು ಅವಳು ಕಣ್ಣು ಮುಚ್ಚಿಕೊಂಡು ಖರ್ಚು ಮಾಡಿಸಿದವಳಲ್ಲ. ಮೊದಲು ಕೇಬಲ್ಲು ನೋಡಿದಳು. ಅಟ್ಟದಲ್ಲಿ ಇಲಿ ಕಚ್ಚಿದ ಗುರುತು ನಿಜವಾಗಿಯೂ ಇತ್ತು. ಸ್ವಿಚ್ ಹಳೆಯದಾಗಿತ್ತು. ಬ್ಯಾಟರಿ ಉಬ್ಬಿತ್ತು. ನೋಡಿದ ಕಡೆಯೆಲ್ಲ ಒಂದೊಂದು ಹುಳುಕು ಸಿಕ್ಕಿತು, ಸಿಕ್ಕಿದ್ದೇ ಕಾರಣ ಅಂದುಕೊಂಡಳು. ಯಾವ ಹಳೇ ಅಂಗಡಿಯಲ್ಲಿ ಹುಡುಕಿದರೂ ಹುಳುಕು ಸಿಗುತ್ತದೆ. ಅದೇ ರೋಗ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕು, ಅದನ್ನು ಅವಳು ಕೇಳಿಕೊಳ್ಳಲಿಲ್ಲ.

ಸರ್ವರ್ ತನ್ನ ಪಾಡಿಗೆ ಬರೆದಿಡುವ ಟಿಪ್ಪಣಿಯಲ್ಲಿ ಪ್ರತಿಸಲವೂ ಒಂದೇ ಸಾಲು ಇರುತ್ತಿತ್ತು: ಸಂಪರ್ಕಗಳು ಮಿತಿ ಮೀರಿವೆ. ಮದುವೆ ಮನೆಯ ಊಟದ ಪಂಕ್ತಿ ಇದ್ದ ಹಾಗೆ ಅದು. ಎಲೆ ಹಾಕಿದ್ದು ಇಷ್ಟೇ, ಅಷ್ಟು ಜನ ಕೂತ ಮೇಲೆ ಬಾಗಿಲಲ್ಲಿ ನಿಂತವರಿಗೆ ಜಾಗವಿಲ್ಲ. ಫರೀದಾ ಎಲೆ ಹೆಚ್ಚಿಸಿದಳು. ಆಗಲೂ ತುಂಬಿತು. ದೊಡ್ಡ ಛತ್ರವೇ ಬೇಕು ಅಂದುಕೊಂಡು ಹೊಸ ಸರ್ವರ್ ತರಿಸಿದಳು. ಅದೂ ತುಂಬಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಆಯಿತು. ಕೂತವರು ಯಾರು, ಉಂಡು ಏಳುವುದಿಲ್ಲವೇಕೆ ಎಂದು ಪಂಕ್ತಿಗೇ ಹೋಗಿ ನೋಡಿದವರು ಯಾರೂ ಇರಲಿಲ್ಲ.

ನೋಡಲು ಆಗುತ್ತಲೂ ಇರಲಿಲ್ಲ. ಅಂಗಡಿಯಿಂದ ಫೋನು ಬಂದಾಗ ಅವಳು ಗಂಗಾನಗರದಲ್ಲಿ ಇರುತ್ತಿದ್ದಳು. ಹೆಬ್ಬಾಳದ ಫ್ಲೈಓವರ್ ದಾಟಿ ಯಲಹಂಕ ಮುಟ್ಟುವಷ್ಟರಲ್ಲಿ ಗಿರಾಕಿ ಚದುರುತ್ತಾರೆ. ಅದಕ್ಕೇ ಅವಳೇ ಒಂದು ಉಪಾಯ ಹೇಳಿಕೊಟ್ಟಿದ್ದಳು: ಅಟ್ಟ ಹತ್ತಿ ಸರ್ವರ್ ಆಫ್ ಮಾಡಿ ಆನ್ ಮಾಡಿ. ಹಾಗೆ ಮಾಡಿದ ಕೂಡಲೇ ಪಂಕ್ತಿಯೆಲ್ಲ ಎದ್ದು ಹೋಗುತ್ತಿತ್ತು, ಬಿಲ್ಲು ಓಡುತ್ತಿತ್ತು. ಅವಳು ಬಂದು ನೋಡುವ ಹೊತ್ತಿಗೆ ಗುಡಿಸಿ ಸಾರಿಸಿದ ನೆಲ. ಕಳ್ಳನ ಹೆಜ್ಜೆಯನ್ನು ತಾನೇ ಅಳಿಸಿ ಆಮೇಲೆ ಹುಡುಕುತ್ತಿದ್ದೇನೆ ಎಂದು ಅವಳಿಗೆ ಹೊಳೆದದ್ದು ಸುನೀಲನ ಕಾಫಿ ಕುಡಿದು ಬಸ್ಸಿನಲ್ಲಿ ವಾಪಸ್ ಬರುವಾಗ.

ನಾಗರ ಪಂಚಮಿಯ ಹಿಂದಿನ ದಿನ ಅವಳು ಅಂಗಡಿಯ ಬಾಗಿಲು ತೆಗೆಯುವ ಮುಂಚೆಯೇ ಹೋಗಿ ನಿಂತಳು. ಮುಬೀನ್ ಸ್ಕೂಟರಿನಲ್ಲಿ ತಂದು ಇಳಿಸಿ, ಸಂಜೆ ತನಕ ಅಲ್ಲಿ ಏನು ಮಾಡುತ್ತೀಯ ಎಂದು ಕೇಳಿದ. ಸುಮ್ಮನೆ ಕೂರುತ್ತೇನೆ ಎಂದಳು. ಅವನಿಗೆ ಅದು ಕೆಲಸ ಅನ್ನಿಸಲಿಲ್ಲ.

ಬೀಗ ತೆಗೆದವಳು ಮುನಿಯಲ್ಲಮ್ಮ. ಹೆಸರಘಟ್ಟದ ಕಡೆಯ ಹೆಂಗಸು. ಮದುವೆಯಾಗಿ ಯಲಹಂಕಕ್ಕೆ ಬಂದು, ಮುನಿಕೃಷ್ಣಪ್ಪನವರ ತಾಯಿ, ಎಲ್ಲರ ದೊಡ್ಡಮ್ಮ, ತಕ್ಕಡಿ ಹಿಡಿದು ವ್ಯಾಪಾರ ಮಾಡುತ್ತಿದ್ದ ಕಾಲದಲ್ಲೇ ಅಂಗಡಿಗೆ ಸೇರಿದವಳು. ಈಗ ಮೊದಲನೇ ಕೌಂಟರ್ ಅವಳದು, ಉಳಿದ ಕೌಂಟರಿನ ಹೆಣ್ಣುಮಕ್ಕಳಿಗೆ ಅವಳೇ ಮೇಷ್ಟ್ರು. ಯಶವಂತಪುರದವರೂ ಅವಳ ಹತ್ತಿರವೇ ಒಂದು ತಿಂಗಳು ಕೆಲಸ ಕಲಿತು ಹೋದವರು.

ನೀರು ಹಾಕಿ, ದೀಪ ಹಚ್ಚಿ, ಊದುಬತ್ತಿಯನ್ನು ಗಲ್ಲಾಕ್ಕೂ ಕಂಪ್ಯೂಟರಿಗೂ ಬೆಳಗಿ, ಮುನಿಯಲ್ಲಮ್ಮ ಪರದೆಯ ಗುಂಡಿ ಒತ್ತಿದಳು. ಕಂಪ್ಯೂಟರ್ ರಾತ್ರಿಯೆಲ್ಲ ನಡೆಯುತ್ತಲೇ ಇತ್ತು, ಆರಿದ್ದದ್ದು ಪರದೆ ಮಾತ್ರ. ಅದು ಬೆಳಗಿದಾಗ ಫರೀದಾ ನೋಡಿದಳು: ಅರ್ಧ ಬರೆದ ಬಿಲ್ಲೊಂದು ಆಗಲೇ ತೆರೆದಿತ್ತು. ಅರಿಶಿನದ ಪುಡಿ, ಒಂದು ಪೊಟ್ಟಣ. ಪಕ್ಕದ ಕೌಂಟರಿನ ರಾಣಿಯ ಪರದೆಯಲ್ಲೂ ಒಂದು. ಕುಂಕುಮ, ಒಂದು ಪೊಟ್ಟಣ. ಮೂರನೆಯದರಲ್ಲಿ ಬಟ್ಟಲಡಿಕೆ.

ನಿನ್ನೆ ಮುಗಿಸಲು ಮರೆತಿದ್ದೀರಾ ಎಂದು ಫರೀದಾ ಕೇಳಿದಳು. ರಾಣಿ ತುಟಿ ಬಿಗಿಹಿಡಿದು ಮುನಿಯಲ್ಲಮ್ಮನ ಮುಖ ನೋಡಿದಳು.

"ಮರ್ತಿಲ್ಲ ಕಣಮ್ಮ," ಎಂದಳು ಮುನಿಯಲ್ಲಮ್ಮ. "ಅದು ಬೋಣಿ ಬಿಲ್ಲು. ರಾತ್ರಿ ಬರಿದು ಮಾಡಿ ಓಗಬಾರ್ದು."

ಆಮೇಲೆ ಪೊಟ್ಟಣ ಜೋಡಿಸುತ್ತಲೇ ಎಲ್ಲ ವಿವರವಾಗಿ ಹೇಳಿದಳು. ದೊಡ್ಡಮ್ಮನ ಕಾಲದಲ್ಲಿ ತಕ್ಕಡಿ ಬರಿದಾಗಿ ಮಲಗುತ್ತಿರಲಿಲ್ಲವಂತೆ. ಬಾಗಿಲು ಹಾಕುವಾಗ ತಟ್ಟೆಯಲ್ಲಿ ಒಂದು ಅರಿಶಿನದ ಕೊಂಬು ಇಟ್ಟು ಹೋಗುವುದು, ಬೆಳಿಗ್ಗೆ ಮೊದಲ ಗಿರಾಕಿಗೆ ಅದರಿಂದಲೇ ಬೋಣಿ. ತಕ್ಕಡಿ ಹೋಗಿ ಕಂಪ್ಯೂಟರ್ ಬಂತು. ಪದ್ಧತಿ ಬಿಡಲು ಆಗುತ್ತದೆಯೇ? ರಾತ್ರಿಯ ಕಡೇ ಕೆಲಸ, ಹೊಸ ಬಿಲ್ಲಿಗೆ ಒಂದು ಅರಿಶಿನ ಹಾಕಿ, ಪ್ರಿಂಟ್ ಕೊಡದೆ, ಪರದೆ ಆರಿಸಿ ನಮಸ್ಕಾರ ಮಾಡುವುದು. ಅಂಗಡಿ ದೊಡ್ಡದಾಗಿ ಕೌಂಟರ್ ಹೆಚ್ಚಾದಾಗ ಬೇರೆ ಹುಡುಗಿಯರೂ ಅರಿಶಿನವನ್ನೇ ಹಾಕಲು ಹೋದರು, ಅವರ ಕಂಪ್ಯೂಟರ್ ಒಪ್ಪಲಿಲ್ಲ, ಪರದೆಯ ಮೇಲೆ ಕಾಯಿರಿ ಎನ್ನುವ ಚಕ್ರ ಸುಮ್ಮನೆ ಸುತ್ತುತ್ತಿತ್ತು. ಆಗ ಮುನಿಯಲ್ಲಮ್ಮನೇ ಮಂಗಳದ ಸಾಮಾನು ಹಂಚಿಕೊಟ್ಟಳು: ರಾಣಿಗೆ ಕುಂಕುಮ, ಅವಳ ಪಕ್ಕದವಳಿಗೆ ಅಡಿಕೆ, ಯಶವಂತಪುರಕ್ಕೆ ಬೆಲ್ಲ ಮತ್ತು ಕರ್ಪೂರ.

ಫರೀದಾ ಸ್ಟೂಲಿನ ಮೇಲೆ ಕೂತುಬಿಟ್ಟಳು. ಅವಳ ಪ್ರೋಗ್ರಾಮಿನಲ್ಲಿ ಬಿಲ್ಲಿಗೆ ಒಂದು ಸಾಮಾನು ಹಾಕಿದ ಕೂಡಲೇ ದಾಸ್ತಾನಿನ ಆ ಸಾಲು ಆ ಕೌಂಟರಿನ ಕೈಗೆ ಹೋಗುತ್ತದೆ. ಆ ಬಿಲ್ಲು ಮುಗಿಯುವ ತನಕ ಬೇರೆಯವರು ಅದನ್ನು ಮುಟ್ಟುವಂತಿಲ್ಲ. ಮುಟ್ಟಲು ಬಂದವರು ಕಾಯಬೇಕು. ಬಿಲ್ಲು ಮುಗಿಯುವುದು ಎರಡು ನಿಮಿಷದ ಮಾತು ಎಂದುಕೊಂಡು ಬರೆದದ್ದು ಅದು. ರಾತ್ರಿಯಿಡೀ ಯಾರಾದರೂ ಹಿಡಿದುಕೊಂಡಿರುತ್ತಾರೆ ಎಂದು ಅವಳು ಎಣಿಸಿರಲಿಲ್ಲ.

ಆದರೂ ಒಂದು ಗಂಟು ಬಿಚ್ಚಿರಲಿಲ್ಲ. ದಿನಾ ಹೀಗೆ ಮಾಡಿದರೆ ದಿನಾ ನಿಲ್ಲಬೇಕಿತ್ತು. ಹಬ್ಬದ ಹಿಂದಿನ ದಿನವೋ ಗಿರಾಕಿ ಮುಗಿಬೀಳುವ ಶುಕ್ರವಾರವೋ ಮಾತ್ರ ಏಕೆ?

ಅದಕ್ಕೆ ಉತ್ತರ ಮೊದಲ ಗಿರಾಕಿಯ ಜೊತೆಯಲ್ಲೇ ಬಂತು. ಉದ್ದ ಪಟ್ಟಿ ಹಿಡಿದ ಹೆಂಗಸು. ಬಂದವಳೇ ಗಸಗಸೆಯ ಬೆಲೆ ಕೇಳಿ, ಹೋದ ಸಲ ಇಷ್ಟಿರಲಿಲ್ಲ, ಕೊನೇಲಿ ಚಿಲ್ಲರೆ ಬಿಡಬೇಕು ನೋಡಿ ಎಂದು ಶುರು ಮಾಡಿದಳು. ಮುನಿಯಲ್ಲಮ್ಮ ಬೋಣಿ ಬಿಲ್ಲನ್ನು ಹಾಗೇ ಬಿಟ್ಟು ಪರದೆಯಲ್ಲಿ ಇನ್ನೊಂದು ಬಿಲ್ಲಿಗೆ ಹೊಸ ಕಿಟಕಿ ತೆರೆದಳು. ಪರ್ಸ್ ಮರೆತು ಬಂದ ಗಿರಾಕಿಯ ಬಿಲ್ಲನ್ನು ಪಕ್ಕಕ್ಕಿಡಲು ಎಂದು ಫರೀದಾಳೇ ಮಾಡಿಕೊಟ್ಟಿದ್ದ ಅನುಕೂಲ ಅದು.

ಇವರಿಗೇಕೆ ಬೋಣಿ ಮಾಡಲಿಲ್ಲ ಎಂದು ಫರೀದಾ ಮೆಲ್ಲಗೆ ಕೇಳಿದಳು.

"ಚೌಕಾಸಿ ಮಾಡೋರ ಕೈಲಿ ಬೋಣಿ ಮಾಡ್ಸಿದ್ರೆ ದಿನವೆಲ್ಲ ಚೌಕಾಸಿನೇ ಕಣಮ್ಮ. ಕೈಗುಣ ಇರೋರು ಬರ್ಲಿ. ಕೇಳಿದ್ದು ಕೊಟ್ಟು ನಗ್ತಾ ಓಗೋರು ಒಬ್ರು ಬಂದೇ ಬರ್ತಾರೆ."

ಬೇರೆ ದಿನ ಅಂಥವರು ಹತ್ತು ನಿಮಿಷದಲ್ಲಿ ಬರುತ್ತಿದ್ದರು. ಒಂದು ಊದುಬತ್ತಿ, ಒಂದು ಕರ್ಪೂರ ಎಂದು ಬಂದವರು ಏಕೆ ಚೌಕಾಸಿ ಮಾಡುತ್ತಾರೆ? ಹಬ್ಬದ ಹಿಂದಿನ ದಿನ ಬರುವವರೆಲ್ಲ ಉದ್ದ ಪಟ್ಟಿಯವರು. ಉದ್ದ ಪಟ್ಟಿಯವರು ಚಿಲ್ಲರೆ ಬಿಡಿ ಎನ್ನದೆ ಇರುವುದಿಲ್ಲ. ಹಾಗಾಗಿ ಬೋಣಿ ಮುಂದಕ್ಕೆ ಹೋಗುತ್ತಿತ್ತು, ಬೋಣಿ ಬಿಲ್ಲು ಅರಿಶಿನವನ್ನು ಕಚ್ಚಿಕೊಂಡು ಕೂತಿರುತ್ತಿತ್ತು. ಉದ್ದ ಪಟ್ಟಿಯಲ್ಲಿ ಅರಿಶಿನ, ಕುಂಕುಮ, ಅಡಿಕೆ, ಬೆಲ್ಲ ಇಲ್ಲದಿರುವುದೂ ಇಲ್ಲ.

ಮುಂದಿನದನ್ನು ಫರೀದಾ ಕಣ್ಣಾರೆ ನೋಡಿದಳು. ಮುನಿಯಲ್ಲಮ್ಮ ಹೊಸ ಕಿಟಕಿಯಲ್ಲಿ ಪಟ್ಟಿ ಹೊಡೆಯುತ್ತಾ ಅರಿಶಿನಕ್ಕೆ ಬಂದಾಗ ಪರದೆಯಲ್ಲಿ ಆ ಚಕ್ರ ಸುತ್ತತೊಡಗಿತು. ಅವಳು ತಲೆ ಕೆಡಿಸಿಕೊಳ್ಳದೆ ಇನ್ನೊಂದು ಕಿಟಕಿ ತೆರೆದಳು. ಅದೂ ಸುತ್ತಿತು. ಮತ್ತೊಂದು. ಪಕ್ಕದಲ್ಲಿ ರಾಣಿಯದೂ ಅದೇ ಕಥೆ. ಒಂದೊಂದು ಕಿಟಕಿಯೂ ಸರ್ವರ್‌ನ ಪಂಕ್ತಿಯಲ್ಲಿ ಒಂದೊಂದು ಎಲೆ. ಸಂಕ್ರಾಂತಿಯಿಂದ ಈಚೆಗೆ ಯಶವಂತಪುರದ ಕಿಟಕಿಗಳೂ ಇದೇ ಪಂಕ್ತಿಗೆ ಸೇರಿದ್ದವು. ಸ್ವಲ್ಪ ಹೊತ್ತಿಗೆ ಬರೀ ದರ್ಭೆ ಕೇಳಿದವನ ಬಿಲ್ಲೂ ನಿಂತಿತು. ಯಶವಂತಪುರದಿಂದ ಫೋನು ಬಂತು. ರಾಣಿ ಅಭ್ಯಾಸಬಲದಿಂದ ಅಟ್ಟದ ಏಣಿಗೆ ಕಾಲಿಟ್ಟಳು.

"ರಾಣಿ, ಸರ್ವರ್ ಆಫ್ ಮಾಡಬೇಡ," ಎಂದಳು ಫರೀದಾ.

ತಾನೇ ಅಟ್ಟ ಹತ್ತಿ ಸರ್ವರ್ ಮುಂದೆ ಕೂತಳು. ಯಾರು ಯಾರು ಕೂತಿದ್ದಾರೆ, ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಎಂದು ಸರ್ವರ್‌ಗೇ ಕೇಳುವ ಒಂದು ವಿಧಾನವಿದೆ. ಈ ನಾಲ್ಕು ತಿಂಗಳಲ್ಲಿ ಅದನ್ನು ಕೇಳುವ ಹೊತ್ತಿಗೆ ಅವಳು ಅಲ್ಲಿರಲಿಲ್ಲ. ಈಗ ಕೇಳಿದಳು. ಎಲ್ಲರಿಗಿಂತ ಮೇಲೆ ಮೊದಲನೇ ಕೌಂಟರ್: ಅರಿಶಿನ ಹಿಡಿದುಕೊಂಡಿದೆ, ನಿನ್ನೆ ರಾತ್ರಿಯಿಂದ, ಏನೂ ಮಾಡುತ್ತಿಲ್ಲ. ಅದರ ಕೆಳಗೆ ಪರದೆ ತುಂಬ ಕಾಯುತ್ತಿರುವವರು. ಹೊಸ ಕೇಬಲ್ಲು ಚೆನ್ನಾಗಿತ್ತು, ಹೊಸ ಸ್ವಿಚ್ಚು ಚೆನ್ನಾಗಿತ್ತು, ಹೊಸ ಸರ್ವರ್‌ನ ಬಲದಲ್ಲಿ ಕಾಲು ಪಾಲೂ ಬಳಕೆಯಾಗಿರಲಿಲ್ಲ.

ಅವಳು ಕೆಳಗೆ ಬಂದು, ಯಾರಿಗಾದರೂ ಈಗಲೇ ಬೋಣಿ ಮಾಡಿಬಿಡಿ ಎಂದು ಮುನಿಯಲ್ಲಮ್ಮನನ್ನು ಬೇಡಿಕೊಂಡಳು. ಮುನಿಯಲ್ಲಮ್ಮ ಸಾಲನ್ನು ಒಮ್ಮೆ ಈ ತುದಿಯಿಂದ ಆ ತುದಿಗೆ ನೋಡಿ, ಇವರಲ್ಲಿ ಯಾರೂ ಆಗುವುದಿಲ್ಲ ಎಂದು ತಲೆಯಾಡಿಸಿದಳು.

"ಹಾಗಾದ್ರೆ ನಂಗೇ ಮಾಡಿ ಅಕ್ಕ. ನಾನ್ ಚೌಕಾಸಿ ಮಾಡಲ್ಲ."

ಮುನಿಯಲ್ಲಮ್ಮ ಅವಳ ಮುಖ ನೋಡಿದಳು. ಫರೀದಾ ಪರ್ಸಿನಿಂದ ನೋಟು ತೆಗೆದು, ಎರಡೂ ಕೈಯಲ್ಲಿ ಹಿಡಿದು, ಬಲವಂತಕ್ಕಾದರೂ ನಕ್ಕಳು. ಮುನಿಯಲ್ಲಮ್ಮ ನೋಟನ್ನು ಕಣ್ಣಿಗೊತ್ತಿಕೊಂಡು ಪ್ರಿಂಟ್ ಒತ್ತಿದಳು. ಆ ಬಿಲ್ಲು ಹೊರಬಂದದ್ದೇ ತಡ, ಅವಳ ಬೇರೆ ಕಿಟಕಿಗಳೆಲ್ಲ ಒಂದರ ಹಿಂದೊಂದು ಓಡಿದವು. ರಾಣಿಯನ್ನೂ ಅವಳ ಪಕ್ಕದವಳನ್ನೂ ಪುಸಲಾಯಿಸಿ ಕುಂಕುಮ, ಅಡಿಕೆಯನ್ನೂ ಫರೀದಾಳೇ ಕೊಂಡಳು, ಬೆಲ್ಲ ಕರ್ಪೂರದ ಬೋಣಿಯನ್ನೂ ತನ್ನ ಲೆಕ್ಕಕ್ಕೇ ಬರೆದು ಮುಗಿಸಿ ಎಂದು ಯಶವಂತಪುರಕ್ಕೆ ಫೋನಿನಲ್ಲಿ ಹೇಳಿದಳು. ಪ್ರಿಂಟರ್‌ಗಳು ಕಿರುಗುಟ್ಟುತ್ತಾ ಕಾಗದ ಕಕ್ಕತೊಡಗಿದವು. ಯಶವಂತಪುರದಿಂದ ಮತ್ತೆ ಫೋನು ಬಂತು: ಸರಿಹೋಯಿತು, ಏನು ಮಾಡಿದಿರಿ?

"ನೋಡ್ದೇನೇ ರಾಣಿ," ಎಂದಳು ಮುನಿಯಲ್ಲಮ್ಮ. "ಕೈಗುಣ ಅಂದ್ರೆ ಇಂಗಿರಬೇಕು. ಫರೀದಮ್ಮ, ನೀನು ದಿನಾ ಬಂದು ಬೋಣಿ ಮಾಡಮ್ಮ."

ಫರೀದಾ ಅದಕ್ಕೆ ಎದುರು ಹೇಳಲಿಲ್ಲ. ಅವಳ ತಂದೆ ಮೆಹಬೂಬ್ ಪಾಷಾ ಮುನಿರೆಡ್ಡಿಪಾಳ್ಯದಲ್ಲಿ ಮೊಟ್ಟೆ ಅಂಗಡಿ ಇಟ್ಟಿದ್ದವರು. ರಾತ್ರಿ ಗಲ್ಲಾ ಎಣಿಸಿದ ಮೇಲೆ ಬರಕತ್ತಿಗೆ, ದುಡ್ಡು ವೃದ್ಧಿಯಾಗಲಿ ಎಂದು, ಒಂದು ರೂಪಾಯಿ ಒಳಗೇ ಬಿಡುತ್ತಿದ್ದರು, ಅದನ್ನು ಮಕ್ಕಳು ಮಿಠಾಯಿಗೆ ತೆಗೆದರೆ ಕಿವಿ ಹಿಂಡುತ್ತಿದ್ದರು. ಅಂಗಡಿ ಮನೆಯಲ್ಲಿ ಬೆಳೆದವಳು ತಾನು. ಬಿಲ್ಲಿನ ಪ್ರೋಗ್ರಾಮು ಬರೆಯುವಾಗ ತೆರಿಗೆ ನೆನಪಿತ್ತು, ರಿಯಾಯಿತಿ ನೆನಪಿತ್ತು, ಪರ್ಸ್ ಮರೆತ ಗಿರಾಕಿ ನೆನಪಿದ್ದ. ಗಲ್ಲಾ ಬರಿದು ಮಾಡದ ಜನ ಮಾತ್ರ ನೆನಪಿಗೆ ಬಂದಿರಲಿಲ್ಲ.

ಸಂಜೆ ಕರೆದುಕೊಂಡು ಹೋಗಲು ಬಂದ ಮುಬೀನನಿಗೆ ದಾರಿಯಲ್ಲೇ ಎಲ್ಲ ಹೇಳಿದಳು. ಪ್ರೋಗ್ರಾಮನ್ನು ಒಂದು ಕಡೆ ಬದಲಿಸಿದರೆ ಸಾಕು: ಬಿಲ್ಲಿಗೆ ಸಾಮಾನು ಹಾಕಿದಾಗ ದಾಸ್ತಾನು ಹಿಡಿಯುವುದು ಬೇಡ, ಪ್ರಿಂಟ್ ಒತ್ತಿದ ಗಳಿಗೆಯಲ್ಲಿ ಹಿಡಿದು ಅದೇ ಗಳಿಗೆಯಲ್ಲಿ ಬಿಡಲಿ. ಆಮೇಲೆ ಬೋಣಿ ಬಿಲ್ಲು ಬೆಳಗಿನ ತನಕವಲ್ಲ, ಮುಂದಿನ ಯುಗಾದಿಯ ತನಕ ತೆರೆದಿದ್ದರೂ ಯಾರಿಗೂ ತೊಂದರೆಯಿಲ್ಲ. ಬೋಣಿ ಪದ್ಧತಿಯನ್ನೇ ಬಿಡಿ ಎಂದು ಹೇಳುವುದು ಇನ್ನೂ ಸುಲಭವಿತ್ತು. ಆದರೆ ಹಾಗೆ ಹೇಳಿದರೆ ಎಲ್ಲರೂ ತಲೆಯಾಡಿಸಿ, ಒಂದು ವಾರ ಬಿಟ್ಟು, ವ್ಯಾಪಾರ ಕುಗ್ಗಿದ ಮೊದಲ ದಿನ ಕದ್ದು ಶುರು ಮಾಡುತ್ತಾರೆ. ಆಗ ಕಾರಣ ಹುಡುಕುವುದು ಇನ್ನೂ ಕಷ್ಟ.

ಮುಬೀನ್ ಕೇಳಿಸಿಕೊಂಡು, ಸರಿ, ಬದಲಿಸಿಬಿಡು, ಅಪ್ಡೇಟ್ ಹಾಕಿದೆ ಅಂತ ಹೇಳಿಬಿಡು ಎಂದ. ಹೊಸ ಸರ್ವರ್‌ನ ಮಾತು ಎತ್ತಬೇಡ. ಸರ್ವರ್ ಹೊಂದಿಕೊಳ್ಳಲು ಸ್ವಲ್ಪ ದಿನ ಬೇಕಾಯಿತು, ಈಗ ಸರಿಹೋಯಿತು ಅಂದರೆ ನಂಬುತ್ತಾರೆ. ಆ ಸರ್ವರ್ ಕೊಟ್ಟವನು ಅವನೇ. ಅದರಲ್ಲಿ ಅವನಿಗೆ ಇಪ್ಪತ್ತೆರಡು ಸಾವಿರ ಉಳಿದಿತ್ತು, ಅದು ಮಗಳ ಕಾಲೇಜಿಗೆ ಹೋಗಿತ್ತು. ಅವನು ಮೋಸಗಾರನಲ್ಲ. ಕೇಳಿದವರಿಗೆ ಕೇಳಿದ ಸಾಮಾನು ಕೊಟ್ಟಿದ್ದ, ಅಷ್ಟೇ. ಕೇಳುವಂತೆ ಮಾಡಿದವಳು ಇವಳು.

ಆ ರಾತ್ರಿಯೂ ಮಾರನೇ ದಿನವೂ ಫರೀದಾ ಕೂತು ಬದಲಾವಣೆ ಮಾಡಿ, ಸುಳ್ಳು ಬಿಲ್ಲು ಹೊಡೆದು ಹೊಡೆದು ಪರೀಕ್ಷೆ ಮಾಡಿದಳು. ಕೈ ಕೆಲಸ ಮಾಡುತ್ತಿದ್ದರೂ ತಲೆಯಲ್ಲಿ ಬೇರೆ ಲೆಕ್ಕ ನಡೆಯುತ್ತಿತ್ತು. ಸುಮ್ಮನಿದ್ದರೆ ಅಂಗಡಿ ಉಳಿಯುತ್ತದೆ. ಸುಮ್ಮನಿದ್ದರೆ ಸುನೀಲ ಮುಂದಿನ ಅಂಗಡಿಗೂ ಇಂಥದೇ ದೊಡ್ಡ ಸರ್ವರ್ ತರಿಸುತ್ತಾನೆ, ಹೆಬ್ಬಾಳದವರಿಗೆ ತೊಂದರೆಯಾದರೆ ಅವರಿಗೂ ಇದೇ ಮದ್ದು ಹೇಳುತ್ತಾನೆ. ಒಂದು ಸುಳ್ಳನ್ನು ಎಷ್ಟು ಅಂಗಡಿಯಲ್ಲಿ ಕಾಪಾಡಿಕೊಂಡು ಓಡಾಡುವುದು? ರೋಗ ತಿಳಿಯಲಿಲ್ಲ ಎಂದು ಒಪ್ಪಿಕೊಳ್ಳದ ವೈದ್ಯರ ಹತ್ತಿರ ಅವಳೂ ದುಡ್ಡು ಸುರಿದಿದ್ದಳು, ಮಗಳ ಜ್ವರದ ಸಲ. ಅವರ ಮುಖ ಅವಳಿಗೆ ಚೆನ್ನಾಗಿ ನೆನಪಿತ್ತು.

ವರಮಹಾಲಕ್ಷ್ಮಿ ಹಬ್ಬಕ್ಕೆ ಮೊದಲೇ, ಅಂಗಡಿ ಸ್ವಲ್ಪ ಖಾಲಿಯಿದ್ದ ಮಧ್ಯಾಹ್ನ, ಹೊಸ ಪ್ರೋಗ್ರಾಮು ಹಾಕಿ, ತಂದೆ ಮಗ ಇಬ್ಬರನ್ನೂ ಕೂರಿಸಿಕೊಂಡು ನಡೆದದ್ದೆಲ್ಲ ಹೇಳಿದಳು. ಸುನೀಲ ಮೊದಲು ನಂಬಲಿಲ್ಲ. ಅವಳು ಅಂದು ಅಟ್ಟದಲ್ಲಿ ಸರ್ವರ್ ಪರದೆಯಿಂದ ತೆಗೆದುಕೊಂಡಿದ್ದ ಫೋಟೋ ತೋರಿಸಿದಳು. ಅವನು ಅದನ್ನು ದೊಡ್ಡದು ಮಾಡಿ ನೋಡಿ ಕೌಂಟರಿನ ಕಡೆ ತಿರುಗಿದ.

"ಹಂಗಾದ್ರೆ ಇದೆಲ್ಲ ಯಲ್ಲಮ್ಮನ್ ಕೆಲಸ. ಒಂದ್ ಪೊಟ್ಟಣ ಅರಿಶಿನಕ್ಕೆ ನಮ್ದು ಎರಡ್ ಲಕ್ಷ ಹೋಯ್ತು."

ಮುನಿಯಲ್ಲಮ್ಮನ ಕೈ ಪೊಟ್ಟಣದ ಮೇಲೆ ನಿಂತಿತು. ಅವಳಿಗೆ ಸರ್ವರ್ ಗೊತ್ತಿಲ್ಲದಿದ್ದರೂ ತನ್ನ ಹೆಸರು ಯಾವ ದನಿಯಲ್ಲಿ ಬಂತು ಎಂದು ಗೊತ್ತಾಗಿತ್ತು.

"ಅಲ್ಲ ಸುನೀಲ್," ಎಂದಳು ಫರೀದಾ. "ಅವ್ರು ಬಿಲ್ ತೆರೆದಿಟ್ರು, ಅದು ತಪ್ಪಲ್ಲ. ತೆರೆದಿಟ್ಟ ಬಿಲ್ಲು ಅಂಗಡೀನೇ ನಿಲ್ಲಿಸೋ ಹಾಗೆ ಬರೆದಿದ್ದು ನಾನು. ಆಮೇಲೆ ಬಂದು ಕೂತು ನೋಡದೆ ಖರ್ಚ್ ಮಾಡ್ಸಿದ್ದೂ ನಾನೇ. ಆ ಸರ್ವರ್ ಬೇಕಾಗಿರ್ಲಿಲ್ಲ."

ಮಾತು ಆಡಿಯಾಗಿತ್ತು. ಸರ್ವರ್ ವಾಪಸ್ ತೆಗೆದುಕೊಳ್ಳುವುದಾಗಿಯೂ, ಹಳೆಯದೇ ಸಾಕಾಗುತ್ತದೆ ಎಂದೂ, ಮುಬೀನನನ್ನು ತಾನು ಒಪ್ಪಿಸುವುದಾಗಿಯೂ ಹೇಳಿದಳು. ಮುಬೀನನನ್ನು ಹೇಗೆ ಒಪ್ಪಿಸುವುದು ಎಂದು ಅವಳಿಗೆ ಆ ಗಳಿಗೆಯಲ್ಲಿ ಗೊತ್ತಿರಲಿಲ್ಲ.

ಮುನಿಕೃಷ್ಣಪ್ಪನವರು ತಕ್ಕಡಿಯಲ್ಲಿ ಅರಿಶಿನದ ಕೊಂಬು ಇಡುತ್ತಿದ್ದ ತಾಯಿಯನ್ನು ನೆನೆಸಿಕೊಂಡರೋ ಏನೋ, ಮೂಗಿನ ಮೇಲಿನ ಕನ್ನಡಕ ತೆಗೆದು ಒರೆಸಿದರು.

"ಪೂಜೆ ಮಾಡಿದ್ ಸಾಮಾನ್ ವಾಪಸ್ ಕೊಡೋ ಪದ್ಧತಿ ನಮ್ಮಲ್ಲಿಲ್ಲಮ್ಮ. ಇರ್ಲಿ ಅದು. ನಿಮ್ಮೆಜಮಾನ್ರು ಅದ್ರಲ್ಲಿ ಉಳಿಸಿದ್ದು ಕೊಟ್ಬಿಡ್ಲಿ, ಸಾಕು. ಮತ್ತೆ ಯಲ್ಲಮ್ಮನ್ನ ಯಾರೂ ಏನೂ ಅನ್ನಂಗಿಲ್ಲ. ಅದು ನಮ್ಮಮ್ಮ ಹೇಳ್ಕೊಟ್ಟಿದ್ದು."

ಮನೆಯಲ್ಲಿ ಜಗಳವಾಯಿತು. ಎರಡು ದಿನ ಮುಬೀನ್ ಅವಳ ಜೊತೆ ಬೇಕಾದಷ್ಟೇ ಮಾತಾಡಿದ. ಮೂರನೇ ದಿನ ಅವನೇ ಯಲಹಂಕಕ್ಕೆ ಹೋಗಿ ದುಡ್ಡು ಕೊಟ್ಟು, ಅಲ್ಲಿಂದ ಒಂದು ಸೇರು ಬಾದಾಮಿ ಕೊಂಡು ತಂದ. ಚೌಕಾಸಿ ಮಾಡಿದನೇ ಎಂದು ಅವಳು ಕೇಳಲಿಲ್ಲ.

ವರಮಹಾಲಕ್ಷ್ಮಿಯ ಹಿಂದಿನ ದಿನ ಗುರುವಾರ ಯಲಹಂಕದ ಹಳೇ ಊರಿನ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಳೆಕಂದು, ತಾವರೆ, ಕಳಸದ ಮುಖವಾಡ, ಕೂಗು. ಫರೀದಾ ಅಟ್ಟದ ಮೇಲೆ ಸರ್ವರ್ ಪಕ್ಕ ಕೂತಿದ್ದಳು. ಕೆಳಗಿನಿಂದ ಕೇಳಿಸುತ್ತಿದ್ದದ್ದು ಒಂದೇ ರಾಗ: ಚಿಲ್ಲರೆ ಬಿಡಿ, ಹೋದ ವರ್ಷ ಇಷ್ಟಿರಲಿಲ್ಲ, ನಾವು ಹಳೇ ಗಿರಾಕಿ. ಅವತ್ತು ಮುನಿಯಲ್ಲಮ್ಮನಿಗೆ ಮನಸ್ಸಿಗೆ ಬಂದ ಕೈಗುಣದವರು ಸಿಕ್ಕಿದ್ದು ಊಟದ ಹೊತ್ತಿಗೆ. ಅಲ್ಲಿಯ ತನಕ ಅರಿಶಿನದ ಬೋಣಿ ಬಿಲ್ಲು ತೆರೆದೇ ಇತ್ತು, ಅದರ ಪಕ್ಕದಲ್ಲೇ ಮೂಟೆಗಟ್ಟಲೆ ಅರಿಶಿನ ಬಿಲ್ಲಾಗಿ ಹೋಗುತ್ತಿತ್ತು. ಸರ್ವರ್‌ನ ಪಂಕ್ತಿಯಲ್ಲಿ ಜನ ಕೂತರು, ಉಂಡರು, ಎದ್ದರು. ಮಧ್ಯಾಹ್ನದ ಮೇಲೆ ಫರೀದಾ ಕೆಳಗಿಳಿದು ಬಂದು ಪೊಟ್ಟಣ ಕಟ್ಟಲು ಕೈ ಹಾಕಿದಳು. ಒಂದು ಸಲವೂ ನಿಲ್ಲಲಿಲ್ಲ. ಎರಡೂ ಅಂಗಡಿಯಲ್ಲಿ ಅಷ್ಟು ವ್ಯಾಪಾರ ಹಿಂದೆ ಎಂದೂ ಆಗಿರಲಿಲ್ಲ ಎಂದು ಸುನೀಲನೇ ಫೋನು ಮಾಡಿ ಹೇಳಿದ.

ಹಬ್ಬ ಕಳೆದ ಮೇಲೆ ಅವನು ಗಂಗಾನಗರದ ಮನೆಗೇ ಬಂದ. ತಟ್ಟೆಯಲ್ಲಿ ಒಬ್ಬಟ್ಟು ತಂದಿದ್ದ. ಯಶವಂತಪುರದ ಅಂಗಡಿಗೆ ಆ ಕಂಪನಿಯವರ ಸಾಫ್ಟ್‌ವೇರ್ ಹಾಕಿಸುತ್ತಿದ್ದೇನೆ ಎಂದು, ಸುತ್ತು ಬಳಸದೆ, ತಾನೇ ಬಂದು ಹೇಳಬೇಕು ಅನ್ನಿಸಿತು ಎಂದ.

"ಗುರುವಾರ ನಿಲ್ಲಲಿಲ್ಲವಲ್ಲ," ಎಂದಳು ಫರೀದಾ.

"ನಿಲ್ಲಲಿಲ್ಲ ಮೇಡಂ. ನೀವು ನಿಜ ಹೇಳಿದ್ರಿ, ಅದಕ್ಕೇ ಅಪ್ಪ ನಿಮ್ಮನ್ನ ಬಿಡಲ್ಲ. ಆದ್ರೆ ನಂಗೆ ಅದೇ ನಿಜ ಬೇರೆ ಥರ ಕೇಳಿಸ್ತು. ನಾಲ್ಕ್ ತಿಂಗ್ಳು ನಿಮ್ಗೆ ಗೊತ್ತಾಗ್ಲಿಲ್ಲ. ನಾನು ನಾಗಸಂದ್ರದಲ್ಲಿ ಇನ್ನೊಂದು ಅಂಗಡಿ ಮಾಡ್ತಿದೀನಿ. ಅಷ್ಟು ದಿನ ಕಾಯಕ್ಕೆ ನನ್ ಕೈಲಾಗಲ್ಲ."

ಅವನು ಹೇಳಿದ್ದರಲ್ಲಿ ಅವಳಿಗೆ ತೆಗೆದುಹಾಕುವಂಥದು ಏನೂ ಕಾಣಲಿಲ್ಲ. ಆ ಕಂಪನಿಯವರು ಬಂದು ಕೌಂಟರಿನಲ್ಲಿ ಕೂರುತ್ತಾರೋ ಇಲ್ಲವೋ ಎಂದು ಹೇಳಲು ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಚಹಾ ಮಾಡಿಕೊಟ್ಟಳು. ಅವನ ಲೆಕ್ಕವನ್ನೆಲ್ಲ ತೆಗೆದು ಹೊಸಬರಿಗೆ ಸರಿಯಾಗಿ ಒಪ್ಪಿಸಿಕೊಡುತ್ತೇನೆ ಎಂದು ಹೇಳಿ, ಹಾಗೆಯೇ ಮಾಡಿದಳು.

ಯಲಹಂಕದ ಅಂಗಡಿ ಉಳಿಯಿತು. ಜಕ್ಕೂರು, ಹೆಬ್ಬಾಳ, ಕೊಡಿಗೇಹಳ್ಳಿಯವರು ಯಾರೂ ಬಿಡಲಿಲ್ಲ. ಯಶವಂತಪುರ ಕೈಬಿಟ್ಟು ಹೋಯಿತು, ನಾಗಸಂದ್ರದ ಹೊಸ ಅಂಗಡಿ ಅವಳ ಕೈಗೆ ಬರಲೇ ಇಲ್ಲ.